ತೆರೆಯ ಮೇಲಿನ ಒಡವೆಗಳು

ಒಡವೆಯ ವಿಷಯ ಮಾತನಾಡಲು ರೇಡಿಯೋ ತಕ್ಕ ಸ್ಥಳವಲ್ಲ. ಕಣ್ಣಿಗೆ ತೋರಿಸಬೇಕಾದುದನ್ನು ಕಿವಿಗೆ ತೊಡಿಸುವ ಕೆಲಸ ಇದು. ಆದರೂ ಒಪ್ಪಿಕೊಂಡೆ. ನಾನು ಹೇಳಹೊರಟ ಒಡವೆಗಳನ್ನು ನೀವು ಈಗಾಗಲೇ ನೋಡಿದ್ದೀರಿ. ಕತ್ತಲಲ್ಲಿ ಕುಳಿತು, ಪಕ್ಕದವರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿರುವಾಗ ನೋಡಿದ್ದೀರಿ. ನಾನು ನೆನಪಿಸಿದರೆ ಸಾಕು.

ನಮ್ಮ ಚಲನಚಿತ್ರಗಳಲ್ಲಿ ಒಡವೆಗೆ ಬರವಿಲ್ಲ. ರಾಣಿಯರು ಮೈಮೇಲೆ ಹೇರಿಕೊಂಡ ಹಾರಗಳು, ನರ್ತಕಿಯರ ಡಾಬು, ರಾಜರ ಭುಜಕೀರ್ತಿ ಎಲ್ಲವನ್ನೂ ರಾಶಿ ಹಾಕಿದರೆ ಒಂದು ಗುಡ್ಡವಾದೀತು. ಆದರೆ ಹಾಡು ಮುಗಿದ ಕೂಡಲೇ ಅವು ಮರೆತುಹೋಗುತ್ತವೆ. ಮನಸ್ಸಿನಲ್ಲಿ ಉಳಿಯುವುದು ಎಲ್ಲೋ ಒಂದು ಬಳೆ, ಒಂದು ಉಂಗುರ, ಒಂದು ಮೂಗುತಿ. ಕಥೆಯೊಳಗೆ ಅದಕ್ಕೂ ಒಂದು ಪಾತ್ರವಿದ್ದಾಗ ಮಾತ್ರ ಹಾಗೆ ಉಳಿಯುತ್ತದೆ. ಇನ್ನೊಂದು ಮಾತು. ನನ್ನ ಬಾಲ್ಯದ ಚಿತ್ರಗಳಲ್ಲಿ ಚಿನ್ನಕ್ಕೆ ಚಿನ್ನದ ಬಣ್ಣವೇ ಇರಲಿಲ್ಲ. ಕಪ್ಪು-ಬಿಳುಪಿನ ತೆರೆಯಲ್ಲಿ ಅಪರಂಜಿ, ಹಿತ್ತಾಳೆ, ಗಿಲೀಟು ಎಲ್ಲವೂ ಒಂದೇ ಬೂದು ಹೊಳಪು. ಅದು ಚಿನ್ನವೆಂದು ನಂಬುವ ಹೊಣೆ ನೋಡುವವರದು. ನಾವು ಸಂತೋಷದಿಂದಲೇ ನಂಬುತ್ತಿದ್ದೆವು.

ನಾನು ಮೊದಲು ನಂಬಿದ ಒಡವೆ 'ನವಕೋಟಿ ನಾರಾಯಣ' ಚಿತ್ರದ ಮೂಗುತಿ. ರಾಜಕುಮಾರರು ಶ್ರೀನಿವಾಸ ನಾಯಕರಾಗಿ, ಆಮೇಲೆ ಪುರಂದರದಾಸರಾಗಿ ಅಭಿನಯಿಸಿದ ಆ ಚಿತ್ರ ತೆರೆಗೆ ಬಂದದ್ದು 1964ರಲ್ಲಿ. ಅದು ಬೆಂಗಳೂರು, ಮೈಸೂರು, ಹಾಸನಗಳನ್ನೆಲ್ಲ ಸುತ್ತಿ, ಪ್ರತಿಯ ಮೈಯೆಲ್ಲ ಗೀರು ಬಿದ್ದು, ನಮ್ಮೂರ ಹೊರಗಿನ ಟೆಂಟಿಗೆ ಬರುವ ಹೊತ್ತಿಗೆ ಎರಡು ವರ್ಷ ಕಳೆದಿತ್ತು. ನೆಲದ ಟಿಕೆಟ್ಟು. ಹಿಂದೆ ಬೆಂಚು, ಅದರ ಹಿಂದೆ ನಾಲ್ಕಾರು ಕುರ್ಚಿ. ಅಮ್ಮ ಚಾಪೆ ತಂದಿದ್ದಳು.

ಕಥೆ ನಿಮಗೆ ಗೊತ್ತು. ಮಗನ ಉಪನಯನಕ್ಕೆಂದು ಬೇಡಿ ಬಂದ ಬಡ ಬ್ರಾಹ್ಮಣನನ್ನು ಜಿಪುಣ ನಾಯಕ ಅಲೆದಾಡಿಸುತ್ತಾನೆ. ಅವನ ಹೆಂಡತಿ ಸರಸ್ವತಿ, ಕೊಡಲು ತನ್ನದೆಂಬುದು ಬೇರೇನೂ ಇಲ್ಲದೆ, ತವರಿನವರು ಕೊಟ್ಟ ಮೂಗುತಿಯನ್ನು ಬಿಚ್ಚಿ ಕೊಡುತ್ತಾಳೆ. ಬ್ರಾಹ್ಮಣ ಅದನ್ನು ತೆಗೆದುಕೊಂಡು ನೇರವಾಗಿ ನಾಯಕನ ಅಂಗಡಿಗೇ ಬರುತ್ತಾನೆ. ನಾಯಕ ಗುರುತು ಹಿಡಿದು, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಮನೆಗೆ ಬಂದು ಮೂಗುತಿ ಎಲ್ಲಿ ಎಂದು ಕೇಳುತ್ತಾನೆ. ದಾರಿ ಕಾಣದೆ ಅವಳು ವಿಷದ ಬಟ್ಟಲನ್ನು ತುಟಿಗೆತ್ತುವಾಗ ಬಟ್ಟಲೊಳಗೆ ಠಣ್ಣೆಂದು ಮೂಗುತಿ ಬೀಳುತ್ತದೆ. ನಾಯಕ ಅಂಗಡಿಗೆ ಓಡಿ ಪೆಟ್ಟಿಗೆ ತೆರೆದರೆ ಅದು ಅಲ್ಲಿಲ್ಲ.

ಹರಿಕಥೆಯಲ್ಲಿ ನಾವೆಲ್ಲ ಎಷ್ಟೋ ಸಲ ಕೇಳಿದ್ದ ಪ್ರಸಂಗ. ಆದರೆ ತೆರೆಯ ಮೇಲೆ ನೋಡುವುದೇ ಬೇರೆ. ಅಂಗಡಿಯ ಕತ್ತಲೆ, ಮನೆಯ ಬೆಳಕು, ಇವೆರಡರ ನಡುವೆ ಓಡುವ ಒಬ್ಬ ಗಂಡಸು, ಕಡಲೆಬೇಳೆಯಷ್ಟು ದೊಡ್ಡ ಒಂದು ವಸ್ತು. ಟೆಂಟಿನಲ್ಲಿ ಕೆಲವರು ಕೈಮುಗಿದರು. ನಾನು ಅಮ್ಮನ ಕಡೆ ತಿರುಗಿ ನೋಡಿದೆ. ಅವಳು ಅಳುತ್ತಿರಬಹುದೆಂದು ನನ್ನ ಎಣಿಕೆ. ಅವಳು ಅಳುತ್ತಿರಲಿಲ್ಲ. ರೀಲು ಬದಲಿಸಲು ದೀಪ ಹಾಕಿದಾಗ ಮೆಲ್ಲಗೆ ಕೇಳಿದಳು:

"ಅಲ್ಲಪ್ಪ, ಆ ಪೆಟ್ಟಿಗೇಲಿ ಮಿಕ್ಕೋರ ಒಡವೆಗಳೂ ಇದ್ದಾವಲ್ಲ, ಅವೆಲ್ಲ ಏನಾದ್ವು?"

"ನಾಯಕರು ಆಮೇಲೆ ಎಲ್ಲಾನೂ ದಾನ ಮಾಡಿಬಿಡ್ತಾರಮ್ಮ," ಎಂದೆ. ಕಥೆ ಮೊದಲೇ ಗೊತ್ತಿದ್ದ ಜಾಣ ನಾನು.

"ದಾನ ಮಾಡಕ್ಕೆ ಅವು ಅವರದಾ?"

ಆಗ ಅವಳ ಕಿವಿಯಲ್ಲಿ ಬೆಂಡೋಲೆ ಇರಲಿಲ್ಲ. ತೂತು ಮುಚ್ಚಿಹೋಗದಿರಲೆಂದು ಸಿಕ್ಕಿಸಿಕೊಂಡ ಬೇವಿನ ಕಡ್ಡಿ ಇತ್ತು. ಬೆಂಡೋಲೆ ತಾಲ್ಲೂಕು ಕೇಂದ್ರದ ಒಂದು ಗಿರವಿ ಅಂಗಡಿಯಲ್ಲಿತ್ತು. ಆ ದುಡ್ಡಿನಲ್ಲಿ ನನ್ನ ಹೈಸ್ಕೂಲಿನ ಫೀಜು ಮತ್ತು ಹಾಸ್ಟೆಲಿನ ಎರಡು ಹೊತ್ತಿನ ಊಟ ನಡೆಯುತ್ತಿತ್ತು. ಪುರಂದರದಾಸರ ವೈರಾಗ್ಯದ ಬಗ್ಗೆ ಎಷ್ಟೋ ಉಪನ್ಯಾಸಗಳನ್ನು ಮುಂದೆ ಕೇಳಿದ್ದೇನೆ, ಒಂದೆರಡನ್ನು ನಾನೇ ಮಾಡಿದ್ದೇನೆ. ಅಡವಿಟ್ಟವರ ಕಡೆಯಿಂದ ಆ ಕಥೆಯನ್ನು ನೋಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಆ ಪ್ರಶ್ನೆ ತಲೆಯಲ್ಲಿ ಕೂತ ಮೇಲೆ ನಾನು ಚಿತ್ರ ನೋಡುವ ಬಗೆಯೇ ಬದಲಾಯಿತು. ತೆರೆಯ ಮೇಲೆ ಯಾರಾದರೂ ಬಳೆ ಬಿಚ್ಚಿದರೆ ಅದು ಎಲ್ಲಿಗೆ ಹೋಯಿತು, ಮರಳಿ ಬಂತೇ ಎಂದು ಲೆಕ್ಕ ಇಡತೊಡಗಿದೆ. ಮೆಹಬೂಬ್ ಖಾನರ 'ಮದರ್ ಇಂಡಿಯಾ' 1957ರ ಚಿತ್ರ. ನಾನು ನೋಡಿದ್ದು ಮೈಸೂರಿನಲ್ಲಿ, ಕಾಲೇಜಿಗೆ ಬಂದ ಮೇಲೆ. ಜನ ಆ ಚಿತ್ರವನ್ನು ನೇಗಿಲಿಗೆ ಹೆಗಲು ಕೊಟ್ಟ ನರ್ಗೀಸಳಿಂದ ನೆನೆಯುತ್ತಾರೆ. ನನಗೆ ಅದು ಒಂದು ಜೊತೆ ಕಡಗದ ಚಿತ್ರ. ರಾಧೆಯ ಕಡಗ ಸಾಹುಕಾರ ಸುಖೀಲಾಲನ ಪಾಲಾಗುತ್ತದೆ. ಬಾಲಕ ಬಿರ್ಜು ಅದನ್ನು ಮರೆಯುವುದಿಲ್ಲ. ಬಡ್ಡಿಯ ಲೆಕ್ಕ ಅವನಿಗೆ ತಿಳಿಯದು, ತಾಯಿಯ ಬರಿಗೈ ಮಾತ್ರ ಕಾಣುತ್ತದೆ. ಕೊನೆಗೆ ಡಕಾಯಿತನಾಗಿ ಬಂದು ಸಾಹುಕಾರನನ್ನು ಕೊಂದು ಕಡಗವನ್ನು ತರುತ್ತಾನೆ. ಊರ ಹೆಣ್ಣನ್ನು ಅಪಹರಿಸುತ್ತಿರುವ ಅವನನ್ನು ತಾಯಿಯೇ ಗುಂಡಿಟ್ಟು ಕೊಲ್ಲುತ್ತಾಳೆ. ಕಡಗವೇನೋ ಮರಳಿತು. ತೊಡುವ ಕೈಗೆ ಮಗನ ರಕ್ತ ಮೆತ್ತಿಕೊಂಡಿತ್ತು. ಒಡವೆಯನ್ನು ಬಿಡಿಸಿಕೊಳ್ಳಲು ಇಷ್ಟು ದೊಡ್ಡ ಬೆಲೆ ತೆತ್ತ ಚಿತ್ರ ಬೇರೆ ಇಲ್ಲ. ಮೆಹಬೂಬರ ಕೈ ಸ್ವಲ್ಪ ಭಾರವೆಂಬುದನ್ನು ಒಪ್ಪುತ್ತೇನೆ. ಕಣ್ಣೀರನ್ನು ಕೊಡದಲ್ಲಿ ಎರೆಯುತ್ತಾರೆ. ಆದರೆ ಸುಖೀಲಾಲನಂಥವನ ಜಗಲಿಯ ಮೆಟ್ಟಿಲು ಹತ್ತಿದ ಮನೆತನದವರಿಗೆ ಅದು ಹೆಚ್ಚೆನಿಸುವುದಿಲ್ಲ.

ಕನ್ನಡದಲ್ಲಿ ಒಡವೆಯ ಅತ್ಯಂತ ಕಠೋರವಾದ ದೃಶ್ಯ ನನ್ನ ಮಟ್ಟಿಗೆ 'ಸಂಸ್ಕಾರ'ದ್ದು. ಅನಂತಮೂರ್ತಿಯವರ 1965ರ ಕಾದಂಬರಿಯನ್ನು ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ತೆರೆಗೆ ತಂದರು. ನಾರಣಪ್ಪ ಸತ್ತಿದ್ದಾನೆ. ಶವಸಂಸ್ಕಾರ ಮಾಡುವವರು ಯಾರು ಎಂಬ ತರ್ಕ ನಡೆದಿದೆ. ಅವನ ಜೊತೆ ಬಾಳಿದ ಚಂದ್ರಿ ಮೈಮೇಲಿನ ಚಿನ್ನವನ್ನೆಲ್ಲ ಬಿಚ್ಚಿ ಪ್ರಾಣೇಶಾಚಾರ್ಯರ ಎದುರಿಗೆ ಇಡುತ್ತಾಳೆ, ಅವನ ಕ್ರಿಯೆಯ ಖರ್ಚಿಗೆ ಎಂದು. ಸ್ನೇಹಲತಾ ರೆಡ್ಡಿಯವರು ಆ ಚಂದ್ರಿ. ಒಂದು ಮಾತಿನ ಆಡಂಬರವಿಲ್ಲ. ಅಲ್ಲಿಯವರೆಗೆ ಶಾಸ್ತ್ರ ಕೇಳುತ್ತಿದ್ದ ಅಗ್ರಹಾರದ ಕಣ್ಣುಗಳು ಒಮ್ಮೆಗೇ ತೂಕ ಕೇಳತೊಡಗುತ್ತವೆ. ಹೆಣ ಮುಟ್ಟಿದರೆ ಜಾತಿ ಕೆಟ್ಟೀತೆಂದು ಹೆದರಿದ್ದ ಹೆಂಗಸರು, ಆ ಚಿನ್ನ ಪಕ್ಕದ ಮನೆಯವರ ಪಾಲಾದರೆ ಹೇಗೆಂದು ಹೆದರುತ್ತಾರೆ. ಕಾದಂಬರಿಯಲ್ಲಿ ಲಕ್ಷ್ಮಣಾಚಾರ್ಯನ ಹೆಂಡತಿ ಅನಸೂಯೆ, ನ್ಯಾಯವಾಗಿ ಅದು ನಾರಣಪ್ಪನ ಕೈಹಿಡಿದಿದ್ದ ತನ್ನ ತಂಗಿಯ ಮೈಮೇಲೆ ಇರಬೇಕಾಗಿತ್ತೆಂದು ಸಂಕಟಪಡುತ್ತಾಳೆ. ಅವಳ ಮಾತಿನಲ್ಲಿ ಆಸೆಯೂ ಇದೆ, ದುಃಖವೂ ಇದೆ. ಎರಡನ್ನೂ ಬಿಡಿಸಲು ಬರುವುದಿಲ್ಲ. ನನಗೆ ಮುಖ್ಯವಾಗಿ ಕಾಣುವುದು ಚಂದ್ರಿಯ ಆ ಕೈ. ಸರಸ್ವತಿ ಮೂಗುತಿ ಬಿಚ್ಚಿದಾಗ ದೇವರು ಅದನ್ನು ಮರಳಿಸಿದ. ಚಂದ್ರಿಯ ಒಡವೆಗೆ ದೇವರು ಬರಲಿಲ್ಲ, ಮಾರುತಿಯ ಪ್ರಸಾದವೂ ಆಗಲಿಲ್ಲ.

ಇಲ್ಲಿ ಸ್ವಲ್ಪ ಹಗುರವಾದ ಒಂದು ಮಾತು. 1965ರ 'ಸತ್ಯ ಹರಿಶ್ಚಂದ್ರ'ದ ಶ್ಮಶಾನದ ದೃಶ್ಯ ನೆನೆಯಿರಿ. ಸುಂಕ ಕೊಡಲು ಏನೂ ಇಲ್ಲದ ಚಂದ್ರಮತಿಗೆ, ಕೊರಳಲ್ಲಿ ತಾಳಿಯಿದೆಯಲ್ಲ, ಅದನ್ನು ಮಾರಿ ತೆರು ಎನ್ನುತ್ತಾನೆ ಹರಿಶ್ಚಂದ್ರ. ಅವಳ ತಾಳಿ ಗಂಡನ ಕಣ್ಣಿಗಲ್ಲದೆ ಅನ್ಯರಿಗೆ ಕಾಣದೆಂಬುದು ನಮ್ಮಲ್ಲಿ ಪರಂಪರೆಯಾಗಿ ಬಂದ ಕಥೆ. ಹಾಗಾಗಿಯೇ ಅವಳಿಗೆ ಗುರುತು ಸಿಗುತ್ತದೆ. ಆದರೆ ಗಂಡನೊಬ್ಬನಿಗೇ ಕಾಣಬೇಕಾದ ಆ ತಾಳಿ ಟೆಂಟಿನಲ್ಲಿ ಕುಳಿತ ನಮ್ಮೆಲ್ಲರಿಗೂ, ಬೀಡಿ ಮಾರುವ ಹುಡುಗನಿಗೂ ಕಾಣುತ್ತಿತ್ತು! ಕಾವ್ಯ ಮುಚ್ಚಿಡಬಲ್ಲದ್ದನ್ನು ಕ್ಯಾಮೆರಾ ಮುಚ್ಚಿಡಲಾರದು. ಆಗ ಇದು ಯಾರಿಗೂ ತೊಡಕೆನಿಸಲಿಲ್ಲ ಎಂಬುದೇ ಸೋಜಿಗ.

'ಮುಘಲ್-ಎ-ಆಜಮ್' ಬಗ್ಗೆ ಹೇಳದಿದ್ದರೆ ನೀವು ನನ್ನನ್ನು ಕ್ಷಮಿಸಲಾರಿರಿ. 1960ರಲ್ಲಿ ಬಂದ ಆ ಚಿತ್ರದ ಒಡವೆಗಳಿಗಾಗಿ ಕೆ. ಆಸಿಫರು ಹೈದರಾಬಾದಿನಿಂದ ಅಕ್ಕಸಾಲಿಗರನ್ನು ಕರೆಸಿದ್ದರು. ಆ ಕುಸುರಿಯೆಲ್ಲ ಕಣ್ಣಿಗೆ ಹಬ್ಬವೇ. ಆದರೂ ಮಧುಬಾಲೆಯ ಮೈಮೇಲೆ ನಮ್ಮ ನೆನಪಿನಲ್ಲಿ ಉಳಿದದ್ದು ಸೆರೆಮನೆಯ ಕಬ್ಬಿಣದ ಸಂಕೋಲೆ. ಮುತ್ತಿನ ಹಾರ ಬೀಳಬೇಕಾದಲ್ಲಿ ಸರಪಳಿ ಬಿದ್ದಿತ್ತು. ಇನ್ನೊಂದು, ಒಂದು ಉಂಗುರ. ಸಲೀಮ ಹುಟ್ಟಿದ ಸುದ್ದಿ ತಂದ ದಾಸಿಗೆ ಅಕ್ಬರ ಬೆರಳಿನ ಉಂಗುರ ಕಳಚಿ ಕೊಟ್ಟು, ಜೀವನದಲ್ಲಿ ಒಮ್ಮೆ ಏನು ಕೇಳಿದರೂ ಕೊಡುವೆನೆಂದು ಮಾತು ಕೊಟ್ಟಿರುತ್ತಾನೆ. ಮಗಳು ಅನಾರ್ಕಲಿಯನ್ನು ಜೀವಂತ ಗೋಡೆಯಲ್ಲಿ ಹೂಳುವ ಹೊತ್ತಿಗೆ ಆ ದಾಸಿ ಉಂಗುರ ಹಿಡಿದು ಬರುತ್ತಾಳೆ. ಕಾಳಿದಾಸನ ಉಂಗುರ ಮರೆತ ರಾಜನಿಗೆ ನೆನಪು ಕೊಟ್ಟಿತು. ಈ ಉಂಗುರ, ಮರೆತಿದ್ದರೆ ಚೆನ್ನಾಗಿತ್ತೆಂದು ಬಯಸುವ ರಾಜನಿಗೆ ನೆನಪು ಕೊಡುತ್ತದೆ. ಅಕ್ಬರ ಅವಳ ಜೀವ ಉಳಿಸುತ್ತಾನೆ, ಆದರೆ ಸಲೀಮನಿಗೆ ತಿಳಿಯದಂತೆ. ಅರ್ಧ ಸಾಲ ತೀರಿಸಿದಂತಾಯಿತು.

ಇನ್ನು ತೆರೆಯ ಮೇಲೆ ಎಂದೂ ಕಾಣದ ಒಡವೆಗಳ ಮಾತು. 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆಗೆದ ದಾದಾಸಾಹೇಬ ಫಾಲ್ಕೆಯವರು ಆ ಚಿತ್ರಕ್ಕಾಗಿ ಹೆಂಡತಿಯ ಒಡವೆಗಳನ್ನು ಅಡವಿಟ್ಟರು. ಅವರ ಹೆಸರೂ ಸರಸ್ವತಿಯೇ, ಸರಸ್ವತೀಬಾಯಿ. ಆಕೆ ಒಡವೆ ಕೊಟ್ಟದ್ದಷ್ಟೇ ಅಲ್ಲ, ಚಿತ್ರ ತೆಗೆಯುವ ಇಡೀ ತಂಡಕ್ಕೆ ಅಡಿಗೆ ಮಾಡಿ ಬಡಿಸಿದರು, ಫಿಲ್ಮು ತೊಳೆಯುವ ಕೆಲಸವನ್ನೂ ಕಲಿತರು. ನಾಲ್ಕು ದಶಕಗಳ ಮೇಲೆ ಕಲ್ಕತ್ತೆಯಲ್ಲಿ ಸತ್ಯಜಿತ್ ರಾಯರು ತಮ್ಮ ಮೊದಲ ಚಿತ್ರಕ್ಕೆ ಹಣ ಸಾಲದೆ ಬಂದಾಗ ಪತ್ನಿ ಬಿಜೋಯಾ ಅವರ ಆಭರಣಗಳನ್ನು ಗಿರವಿ ಇಟ್ಟರು. ಭಾರತೀಯ ಚಿತ್ರಕಲೆಯ ಎರಡು ಹೊಸ್ತಿಲುಗಳ ಕೆಳಗೂ ಹೀಗೆ ಹೆಣ್ಣಿನ ಚಿನ್ನ ಇದೆ.

ರಾಯರ ಆ ಚಿತ್ರ 'ಪಥೇರ್ ಪಾಂಚಾಲಿ' 1955ರಲ್ಲಿ ಬಂತು. ಅದರೊಳಗೂ ಒಂದು ಒಡವೆಯಿದೆ. ನಾನು ಹೇಳಿದವುಗಳಲ್ಲೆಲ್ಲ ಅಗ್ಗದ್ದು, ಒಂದು ಮಣಿಸರ. ಬಡ ಪೂಜಾರಿಯ ಮಗಳು ದುರ್ಗೆ ಅದನ್ನು ಕದ್ದಳೆಂದು ನೆರೆಯಾಕೆ ಬಂದು ರಂಪ ಮಾಡುತ್ತಾಳೆ. ದುರ್ಗೆ ಇಲ್ಲ ಎನ್ನುತ್ತಾಳೆ. ಅವಮಾನ ತಾಳದ ತಾಯಿ ಮಗಳ ಜುಟ್ಟು ಹಿಡಿದು ಎಳೆದು ಹೊಡೆಯುತ್ತಾಳೆ. ಆಮೇಲೆ ಮಳೆ, ಜ್ವರ, ದುರ್ಗೆಯ ಸಾವು. ಮನೆ ಬಿಟ್ಟು ಕಾಶಿಗೆ ಹೊರಡುವ ದಿನ ತಮ್ಮ ಅಪು ಅಟ್ಟಣೆಯ ಮೇಲಿನ ಹಳೆಯ ಕರಟವೊಂದನ್ನು ಇಳಿಸುತ್ತಾನೆ. ಅದರೊಳಗೆ ಜೇಡ, ಜೇಡದ ಜೊತೆ ಆ ಸರ. ಹುಡುಗ ಒಂದು ಕ್ಷಣ ನಿಂತು, ಓಡಿಹೋಗಿ ಅದನ್ನು ಕೊಳಕ್ಕೆ ಎಸೆಯುತ್ತಾನೆ. ನೀರಿನ ಮೇಲಿನ ಪಾಚಿ ಸರಿದು ಒಂದು ಕಪ್ಪು ಕಣ್ಣು ತೆರೆಯುತ್ತದೆ, ನಿಧಾನವಾಗಿ ಮುಚ್ಚಿಕೊಳ್ಳುತ್ತದೆ. ವಿಭೂತಿಭೂಷಣರ ಕಾದಂಬರಿಯಲ್ಲಿ ಅಪುವಿಗೆ ಸಿಗುವುದು ಸರವಲ್ಲ, ಸಿಂಧೂರದ ಪುಟ್ಟ ಚಿನ್ನದ ಕರಡಿಗೆ. ಅವನು ಅದನ್ನು ಬಿದಿರ ಮೆಳೆಗೆ ಎಸೆಯುತ್ತಾನೆ. ಕರಡಿಗೆಯನ್ನು ಸರವಾಗಿಸಿ, ಮೆಳೆಯನ್ನು ಕೊಳವಾಗಿಸಿ ರಾಯರು ಮಾಡಿದ್ದು ಚಿಕ್ಕ ಬದಲಾವಣೆ. ಅದಿಲ್ಲದಿದ್ದರೆ ಮುಚ್ಚಿಕೊಳ್ಳುವ ಆ ನೀರು ನಮಗೆ ದೊರೆಯುತ್ತಿರಲಿಲ್ಲ. ಕಾದಂಬರಿಯ ಪಕ್ಷಪಾತಿಯಾದ ನಾನು ಇಲ್ಲಿ ಸೋಲೊಪ್ಪಿಕೊಳ್ಳುತ್ತೇನೆ.

ಅಪುವಿನ ಆ ಎಸೆತ ನೋಡಿದಾಗಲೆಲ್ಲ ನನಗೆ ನಾನೂ ಒಂದು ವಿಷಯ ಮುಚ್ಚಿಟ್ಟದ್ದು ನೆನಪಾಗುತ್ತದೆ. ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದಾಗ ಗಿರವಿ ಅಂಗಡಿಯ ವಾಯಿದೆ ಮೀರಿತು. ಬಡ್ಡಿ ಕಟ್ಟಿ ಬಾ ಎಂದು ಅಪ್ಪ ನನ್ನ ಕೈಯಲ್ಲಿ ಕೊಟ್ಟಿದ್ದ ದುಡ್ಡಿನಲ್ಲಿ ನಾನು ಒಂದಿಷ್ಟು ಪುಸ್ತಕ ಕೊಂಡಿದ್ದೆ, ಮುಂದಿನ ತಿಂಗಳು ಕಟ್ಟಿದರಾಯಿತೆಂದು. ಮುಂದಿನ ತಿಂಗಳು ಹೋಗುವ ಹೊತ್ತಿಗೆ ಬೆಂಡೋಲೆ ಹರಾಜಾಗಿ ಕರಗಿ ಹೋಗಿತ್ತು. ಅಂಗಡಿಯವರ ತಪ್ಪಿರಲಿಲ್ಲ; ನೋಟೀಸು ನನ್ನ ಹಾಸ್ಟೆಲಿನ ವಿಳಾಸಕ್ಕೇ ಬಂದಿತ್ತು. ಊರಿಗೆ ಬಂದು, ಅಂಗಡಿಯವರು ಮೋಸ ಮಾಡಿದರು ಎಂದೆ. ಅಪ್ಪ ಬೈದಾಡಿದರು. ಅಮ್ಮ ಏನೂ ಹೇಳಲಿಲ್ಲ. ಕೆಲಸ ಸಿಕ್ಕ ಮೇಲೆ ಮೊದಲ ವರ್ಷದ ಉಳಿತಾಯದಲ್ಲಿ ಹೊಸ ಓಲೆ ಮಾಡಿಸಿ ತಂದೆ. ತೊಟ್ಟುಕೊಂಡಳು, ಚೆನ್ನಾಗಿದೆ ಎಂದಳು, ಹಬ್ಬಹರಿದಿನಗಳಲ್ಲಿ ತೊಡುತ್ತಿದ್ದಳು. ಪುಸ್ತಕದ ಮಾತು ಹೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂತು, ಹೇಳಲಿಲ್ಲ.

ಅವಳು ತೀರಿಕೊಂಡ ಮೇಲೆ ಟ್ರಂಕು ತೆಗೆದೆವು. ಧಾರೆ ಸೀರೆಯ ಮಡಿಕೆಯೊಳಗೆ ಗಿರವಿ ಚೀಟಿ ಇತ್ತು. ಅದರ ಜೊತೆಗೆ, ನಾಲ್ಕು ಮಡಿಕೆಯಾಗಿ, ನನ್ನ ಹಾಸ್ಟೆಲಿನ ವಿಳಾಸ ಬರೆದ ಆ ನೋಟೀಸು. ನನ್ನ ಪುಸ್ತಕಗಳ ನಡುವೆ ಎಲ್ಲೋ ಅವಳಿಗೆ ಸಿಕ್ಕಿರಬೇಕು. ಅವಳಿಗೆ ಓದಲು ಬರುತ್ತಿತ್ತು. ಚೀಟಿಯ ಶಾಯಿ ಮಾಸಿದ್ದರೂ ಅಕ್ಷರ ತಿಳಿಯುತ್ತದೆ: ಬೆಂಡೋಲೆ ಒಂದು ಜೊತೆ, ಬಿಳಿ ಹರಳು ಏಳೇಳು, ಎಡಗಡೆಯದರಲ್ಲಿ ಒಂದು ಹರಳು ಇಲ್ಲ.