ಕಿವಿಯಿಂದ ಗುರುತಿಸುವ ಹಕ್ಕಿ

ಮಕ್ಕಳೇ, ದಸರಾ ರಜೆಯಲ್ಲಿ ಒಂದು ಮುಂಜಾನೆ ಊರಿನ ದೊಡ್ಡ ಬೇವಿನ ಗಿಡದ ಕೆಳಗೆ ಸುಮ್ಮನೆ ನಿಲ್ಲಿ. ಮೇಲಿನ ಕೊಂಬೆಗಳಿಂದ ‘ಚಿಲಿಪ್... ಚಿಲಿಪ್...’ ಎಂಬ ಚುರುಕಾದ ದನಿ ಕೇಳಿತೇ? ಹಾಗಾದರೆ ಅಲ್ಲಿ ಹಸಿರು ಎಲೆ ಉಲಿಯಕ್ಕಿ ಇರಬಹುದು.

ಕಣ್ಣಿಗೆ ಇದು ಸುಲಭಕ್ಕೆ ಸಿಗುವುದಿಲ್ಲ. ಉದ್ದ ಸುಮಾರು 10 ಸೆಂಟಿಮೀಟರ್, ತೂಕ ಹತ್ತು ರೂಪಾಯಿಯ ಒಂದು ನಾಣ್ಯದಷ್ಟು. ಎಲೆಗಳ ನಡುವೆ ಎಲೆಯದೇ ಬಣ್ಣ. ಒಂದು ಕಡೆ ನಿಲ್ಲುವ ಜಾಯಮಾನವೂ ಅಲ್ಲ. ಬೇಸಿಗೆಯಲ್ಲಿ ಹಿಮಾಲಯ ಮತ್ತು ಅದರಾಚೆಯ ಕಾಡುಗಳಲ್ಲಿ ಗೂಡು ಕಟ್ಟುತ್ತದೆ. ಅಲ್ಲಿ ಚಳಿ ಬಿದ್ದು ಹುಳುಗಳು ಕಡಿಮೆಯಾದಾಗ ದಕ್ಷಿಣಕ್ಕೆ ಹಾರಿ ಬರುತ್ತದೆ. ಭೀಮಾ, ಕೃಷ್ಣೆಯರ ನಡುವಿನ ವಡಗೇರಾದ ಬೇವು, ಹುಣಸೆ ಗಿಡಗಳಲ್ಲಿ ಅದಕ್ಕೆ ಬೇಕಾದಷ್ಟು ಹುಳ ಉಂಟು.

ಬೈನಾಕ್ಯುಲರ್ ಇದ್ದರೆ ಮೊದಲು ಮುಖ ನೋಡಿ. ಕಣ್ಣಿನ ಮೇಲೆ ಹುಬ್ಬಿನಂತೆ ಉದ್ದನೆಯ ತಿಳಿ ಗೆರೆ, ಕೆಳಕೊಕ್ಕಿನಲ್ಲಿ ಮಾಸಲು ಕಿತ್ತಳೆ. ಹೊಟ್ಟೆ ಬಿಳುಚು. ಮಡಿಚಿದ ರೆಕ್ಕೆಯ ಮೇಲೆ ಒಂದು ಸಣ್ಣ ಬಿಳಿ ಪಟ್ಟಿ. ಪುಸ್ತಕಗಳೆಲ್ಲ ಈ ಪಟ್ಟಿಯನ್ನೇ ಒತ್ತಿ ಹೇಳುತ್ತವೆ, ಆದರೆ ಗರಿಯ ಅಂಚು ಸವೆದರೆ ಅದು ಕಾಣಿಸದೆಯೂ ಹೋಗಬಹುದು. ಅದಕ್ಕೇ ನನಗೆ ದನಿಯ ಮೇಲೆ ಹೆಚ್ಚು ನಂಬಿಕೆ.

ಬೇರೆ ಪುಟ್ಟ ಹಕ್ಕಿಗಳನ್ನು ಉಲಿಯಕ್ಕಿ ಎಂದುಕೊಳ್ಳಬೇಡಿ. ಬಾಲ ನಿಮಿರಿಸಿಕೊಂಡು, ಇಟ್ಟಿಗೆ ಬಣ್ಣದ ನೆತ್ತಿಯ ಹಕ್ಕಿ ಗಿಡದ ಬುಡದ ಪೊದೆಯಲ್ಲಿ ಗದ್ದಲ ಮಾಡುತ್ತಿದ್ದರೆ ಅದು ನಮ್ಮೂರಿನದೇ ಸಿಂಪಿಗ. ಕೊಕ್ಕು ಬಾಗಿದ್ದರೆ ಸೂರಕ್ಕಿ.

ಚಳಿಗಾಲದಲ್ಲಿ ಗೂಡಿಲ್ಲ, ಮರಿಯಿಲ್ಲ. ಮತ್ತೇಕೆ ಇಷ್ಟು ಕೂಗು? ಪ್ರತಿ ಹಕ್ಕಿಯೂ ಕೆಲವು ಗಿಡಗಳನ್ನು ತನ್ನ ಹೊಲದಂತೆ ಕಾಯುತ್ತದೆ. ಇನ್ನೊಂದು ಒಳಬಂದರೆ ಅಟ್ಟಿಸಿಕೊಂಡು ಹೋಗುತ್ತದೆ. ‘ಚಿಲಿಪ್’ ಅಂದರೆ ಈ ಹುಳು ನನ್ನವು ಎಂದ ಹಾಗೆ.

ಈ ಹಕ್ಕಿ ವಿಜ್ಞಾನಿಗಳಿಗೂ ಪ್ರಿಯ. ಟಿಬೆಟ್ ಪ್ರಸ್ಥಭೂಮಿಯನ್ನು ಬಳಸಿ ಇದರ ಬೇಸಿಗೆ ನೆಲೆಗಳು ಹಬ್ಬಿವೆ. ಹಿಮಾಲಯದಿಂದ ಪೂರ್ವದ ದಾರಿಯಲ್ಲೂ ಪಶ್ಚಿಮದ ದಾರಿಯಲ್ಲೂ ಉತ್ತರಕ್ಕೆ ಹೋದಂತೆ ಹಾಡು ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ಎರಡೂ ದಾರಿಯ ಹಕ್ಕಿಗಳು ಸೈಬೀರಿಯಾದಲ್ಲಿ ಎದುರಾದಾಗ ಒಂದರ ಹಾಡನ್ನು ಇನ್ನೊಂದು ತನ್ನವರದೆಂದು ಗುರುತಿಸುವುದಿಲ್ಲ. ಡ್ಯಾರೆನ್ ಇರ್ವಿನ್ ಮತ್ತು ಜೊತೆಗಾರರು 2001ರಲ್ಲಿ ಈ ಸಂಗತಿಯನ್ನು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಬೇಸಿಗೆ ಬಲಿತಂತೆ ನಿಮ್ಮ ಗಿಡದ ಹಕ್ಕಿ ಉತ್ತರಕ್ಕೆ ಹೊರಡುತ್ತದೆ. ಕೂಗು ಮೊದಲು ಕೇಳಿದ ದಿನವನ್ನೂ ಕೊನೆಗೆ ಕೇಳಿದ ದಿನವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ವರ್ಷದ ದಿನಾಂಕಗಳ ಜೊತೆ ಹೋಲಿಸಿ ನೋಡಿ.