ಬಾಣಂತಿಯ ಆರೈಕೆಯಲ್ಲಿ ಪ್ರತಿಜೀವಕ ಔಷಧಗಳ ಮಿತಬಳಕೆ

(ದಂಪತಿಗಳ ಸಭೆಯಲ್ಲಿ ಮಾಡಿದ ಭಾಷಣ)



ಹೆರಿಗೆಯ ವಾರ್ಡಿನಲ್ಲಿ ಬಂಧುಗಳು ಕೇಳುವ ಪ್ರಶ್ನೆಯೊಂದುಂಟು: "ಪಕ್ಕದ ಹಾಸಿಗೆಯ ಬಾಣಂತಿಗೆ ದಿನಕ್ಕೆರಡು ಸೂಜಿ ಹಾಕುತ್ತಾರೆ, ನಮ್ಮ ಸೊಸೆಗೇಕೆ ಇಲ್ಲ?" ಇದರ ಉತ್ತರವನ್ನು ನೀವು ಹೆರಿಗೆಗೆ ಮುನ್ನವೇ ತಿಳಿದಿರುವುದು ಒಳ್ಳೆಯದು.

ಆಂಟಿಬಯೋಟಿಕ್ ಎನ್ನಲಾಗುವ ಪ್ರತಿಜೀವಕ ಔಷಧವು ಬ್ಯಾಕ್ಟೀರಿಯಾ ಎಂಬ ರೋಗಾಣುಗಳನ್ನು ನಾಶಪಡಿಸುತ್ತದೆ. ನೋವನ್ನು ಅದು ಶಮನಗೊಳಿಸದು. ಮೈಗೆ ಶಕ್ತಿಯನ್ನೂ ಕೊಡದು. ವೈರಸ್ಸಿನಿಂದ ಬರುವ ನೆಗಡಿಗೆ ಅದರಿಂದ ಪ್ರಯೋಜನವಿಲ್ಲ.

ತೊಡಕಿಲ್ಲದ ಸಹಜ ಹೆರಿಗೆಯಾದ ತಾಯಿಗೆ ವಾಡಿಕೆಯಾಗಿ ಈ ಔಷಧ ಬೇಡವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ತಿಂಗಳು ತುಂಬುವ ಮುನ್ನ, ನೋವು ಬರುವ ಮೊದಲೇ ನೀರು ಒಡೆದರೆ, ಹೆರಿಗೆಯಲ್ಲಿ ಗುದದ ಸ್ನಾಯುವಿನವರೆಗೂ ಹರಿದರೆ, ಅಥವಾ ನಂಜೇರಿದರೆ ಅದು ಅವಶ್ಯಕ. ಶಸ್ತ್ರಕ್ರಿಯೆಯ ಹೆರಿಗೆಯಲ್ಲಿ, ಕೊಯ್ಯುವ ಮುನ್ನ ಕೊಡುವ ಒಂದು ಡೋಸು ಗಾಯವನ್ನು ನಂಜಿನಿಂದ ಕಾಪಾಡುತ್ತದೆ. ನಂಜಿನ ಲಕ್ಷಣವಿಲ್ಲದಾಗ ದಿನಗಟ್ಟಲೆ ಮುಂದುವರಿಸುವುದು ಸಾಮಾನ್ಯವಾಗಿ ಅನಗತ್ಯ.

ಔಷಧವು ಅಗತ್ಯವಿಲ್ಲದೆ ಬಳಕೆಯಾದಷ್ಟೂ, ಅದಕ್ಕೆ ಮಣಿಯದ ರೋಗಾಣುಗಳು ಉಳಿದು ವೃದ್ಧಿಯಾಗುತ್ತವೆ. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ, 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿದಾಗ, ರೋಗಾಣುಗಳು ಹೀಗೆ ಔಷಧಕ್ಕೆ ಮಣಿಯದಂತಾಗುವ ಅಪಾಯವನ್ನು ಕುರಿತು ಎಚ್ಚರಿಸಿದ್ದರು. ಇಂಥ ರೋಗಾಣುಗಳು ತೊಳೆಯದ ಕೈಗಳ ಮೂಲಕ ಹಾಸಿಗೆಯಿಂದ ಹಾಸಿಗೆಗೆ ಸಾಗುತ್ತವೆ. ಎಳೆಯ ಶಿಶುವಿಗೆ ಅವು ತಗುಲಿದರೆ ಸಾಮಾನ್ಯ ಔಷಧ ನಾಟದೆ ಜೀವಕ್ಕೇ ಗಂಡಾಂತರ ಒದಗಬಹುದು.

ಆದುದರಿಂದಲೇ, ನಂಜಿನ ಸಂದೇಹವಿದ್ದಾಗ ವೈದ್ಯರು ರಕ್ತವನ್ನೋ ಕೀವನ್ನೋ ಪರೀಕ್ಷೆಗೆ ಕಳುಹಿಸಿ ಚಿಕಿತ್ಸೆ ಆರಂಭಿಸುವರು. ಎರಡು ಮೂರು ದಿನಗಳ ಬಳಿಕ ಫಲಿತಾಂಶ ನೋಡಿ ಔಷಧವನ್ನು ಬದಲಿಸುವರು, ನಿಲ್ಲಿಸುವರು, ಅಥವಾ ಸೂಜಿಯ ಬದಲು ಮಾತ್ರೆ ಕೊಡುವರು. ಇದನ್ನು ಅಲಕ್ಷ್ಯವೆಂದು ಭಾವಿಸಬೇಡಿ.

ದಂಪತಿಗಳು ಪಾಲಿಸಬೇಕಾದುದು ಇಷ್ಟು:

1. ಸೂಜಿ ಹಾಕಿರೆಂದು ಒತ್ತಾಯಿಸಬಾರದು. ಯಾವ ನಂಜಿಗೆ ಈ ಔಷಧ, ಎಷ್ಟು ದಿನ ಎಂದು ವಿನಯದಿಂದ ಕೇಳಿ ತಿಳಿಯಿರಿ.

2. ಹಿಂದೆ ಔಷಧದಿಂದ ಮೈಮೇಲೆ ಗಂಧೆ ಎದ್ದಿದ್ದರೆ, ಉಸಿರು ಕಟ್ಟಿದ್ದರೆ ಮೊದಲೇ ತಿಳಿಸಿ.

3. ಮಾತ್ರೆಯ ಹಾಳೆಯ ಮೇಲೆ ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಬೇಡಿ. ಹೇಳಿದಷ್ಟು ದಿನ ತಪ್ಪದೆ ಸೇವಿಸಿ, ನೆರೆಯವರಿಗೆ ಹಂಚಬೇಡಿ.

4. ತಾಯಿ ಮಗುವನ್ನು ಮುಟ್ಟುವ ಮೊದಲು ಸೋಪಿನಿಂದ ಕೈ ತೊಳೆಯಿರಿ.

5. ಬಾಣಂತಿಗೆ ಜ್ವರ, ದುರ್ವಾಸನೆಯ ಸ್ರಾವ, ಹೊಲಿಗೆಯಲ್ಲಿ ಕೀವು ಕಂಡರೆ, ಅಥವಾ ಮಗು ಹಾಲು ಕುಡಿಯದೆ ಮಂಕಾದರೆ, ಆ ಕ್ಷಣವೇ ಆಸ್ಪತ್ರೆಗೆ ಕರೆತನ್ನಿ. ಮನೆಯಲ್ಲುಳಿದ ಹಳೆಯ ಮಾತ್ರೆ ಕೊಟ್ಟು ಕಾಯಬೇಡಿ.

ಬೇಡದಾಗ ಬಿಟ್ಟ ಔಷಧವು ಬೇಕಾದಾಗ ನಿಮ್ಮ ಮನೆಯ ತಾಯಿ ಮಗುವಿನ ಜೀವ ಉಳಿಸಲು ನೆರವಾಗುವುದು.