ಕಲಿಕೆಗೆ ವಯಸ್ಸಿನ ಹಂಗಿಲ್ಲ: ಕೊರಿಯನ್ ಭಾಷಾ ಪರೀಕ್ಷೆಯ ಅನುಭವ

(ಸಂಘದ ವಾರ್ಷಿಕ ಶೈಕ್ಷಣಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ವಯಸ್ಕರ ಕಲಿಕೆಯ ಬಗ್ಗೆ ಮಾತನಾಡಲು ನನಗೆ ತಿಳಿಸಲಾಗಿದೆ. ಬಿ.ಎಡ್. ತರಗತಿಯಲ್ಲಿ ಓದಿದ ಸಿದ್ಧಾಂತಗಳನ್ನು ಇಲ್ಲಿ ಒಪ್ಪಿಸುವುದಕ್ಕಿಂತ, ಮೂವತ್ತು ದಾಟಿದ ಮೇಲೆ ನಾನೇ ವಿದ್ಯಾರ್ಥಿನಿಯಾಗಿ ಬರೆದ ಒಂದು ಪರೀಕ್ಷೆಯ ವಿಷಯ ಹೇಳುವುದು ಹೆಚ್ಚು ಉಪಯುಕ್ತ ಎಂದು ಭಾವಿಸುತ್ತೇನೆ. ಅದು ಕೊರಿಯನ್ ಭಾಷಾ ಸಾಮರ್ಥ್ಯ ಪರೀಕ್ಷೆ. ಇದನ್ನು ಚಿಕ್ಕದಾಗಿ ಟೋಪಿಕ್ ಎನ್ನುತ್ತಾರೆ.

"ಆಪಾ, ಈ ವಯಸ್ಸಿನಲ್ಲಿ ನಿಮಗೆ ಇದೆಲ್ಲ ಯಾಕೆ?" ಎಂದು ಕೇಳದವರಿಲ್ಲ. ಪರಭಾಷೆ ಕಲಿಯುವುದು ನಮ್ಮ ಪರಂಪರೆಗೆ ಹೊಸದೇನಲ್ಲ. ಪ್ರವಾದಿ(ಸ)ರವರ ಆದೇಶದಂತೆ ಹಝ್ರತ್ ಝೈದ್ ಬಿನ್ ಸಾಬಿತ್(ರ) ಯಹೂದಿಗಳ ಬರಹವನ್ನು ಕಲಿತು ಪತ್ರ ವ್ಯವಹಾರ ನೋಡಿಕೊಂಡದ್ದನ್ನು ಹದೀಸ್ ಗ್ರಂಥಗಳಲ್ಲಿ ಕಾಣುತ್ತೇವೆ. ಭಾಷೆ ಮತ್ತು ಬಣ್ಣಗಳ ವೈವಿಧ್ಯವು ಅಲ್ಲಾಹನ ನಿದರ್ಶನಗಳಲ್ಲಿ ಒಂದೆಂದು ಸೂರಃ ಅರ್‍ರೂಮ್ ತಿಳಿಸುತ್ತದೆ.

ಮೊದಲು ಪರೀಕ್ಷೆಯ ಪರಿಚಯ. 1997ರಲ್ಲಿ ಆರಂಭವಾದ ಟೋಪಿಕ್ ಅನ್ನು ಈಗ ದಕ್ಷಿಣ ಕೊರಿಯದ ಶಿಕ್ಷಣ ಸಚಿವಾಲಯದ ಅಧೀನ ಸಂಸ್ಥೆಯೊಂದು ನಡೆಸುತ್ತದೆ. 2014ರಿಂದ ಇದರಲ್ಲಿ ಎರಡು ಹಂತಗಳಿವೆ. ಟೋಪಿಕ್ 1 ಆರಂಭಿಕರಿಗೆ. ಕೇಳುವ ವಿಭಾಗದಲ್ಲಿ 30 ಪ್ರಶ್ನೆ, 40 ನಿಮಿಷ; ಓದುವ ವಿಭಾಗದಲ್ಲಿ 40 ಪ್ರಶ್ನೆ, 60 ನಿಮಿಷ. ಒಟ್ಟು 200 ಅಂಕಗಳಲ್ಲಿ 80 ಬಂದರೆ ಮೊದಲ ಮಟ್ಟ, 140 ಬಂದರೆ ಎರಡನೆಯ ಮಟ್ಟ. ಟೋಪಿಕ್ 2ರಲ್ಲಿ ಬರೆಯುವ ವಿಭಾಗವೂ ಸೇರಿ 300 ಅಂಕ. ಮೂರರಿಂದ ಆರನೆಯ ಮಟ್ಟದವರೆಗೆ ಫಲಿತಾಂಶ ಸಿಗುತ್ತದೆ. ಇಲ್ಲಿ ಪಾಸು, ಫೇಲು ಎನ್ನುವುದಕ್ಕಿಂತ ನಾವು ಯಾವ ಮೆಟ್ಟಿಲಿನಲ್ಲಿದ್ದೇವೆ ಎಂಬುದು ಮುಖ್ಯ. ನಾನು ಬರೆದದ್ದು ಟೋಪಿಕ್ 1. ಅಲ್‌ಹಮ್ದುಲಿಲ್ಲಾಹ್, ಎರಡನೆಯ ಮಟ್ಟ ದೊರೆಯಿತು.

ಇನ್ನು ಭಾಷೆಯ ವಿಷಯ. ಕೊರಿಯನ್ ಲಿಪಿಯಾದ ಹಂಗುಲ್ ಅನ್ನು ರಾಜ ಸೆಜೋಂಗ್ 1443ರಲ್ಲಿ ರೂಪಿಸಿ 1446ರಲ್ಲಿ ಜಾರಿಗೆ ತಂದನು. ಕಷ್ಟದ ಚೀನೀ ಲಿಪಿಯಿಂದ ದೂರ ಉಳಿದ ಸಾಮಾನ್ಯ ಜನರೂ ಓದು ಬರಹ ಕಲಿಯಲಿ ಎಂಬುದೇ ಅದರ ಉದ್ದೇಶ. ಯುನೆಸ್ಕೊ ಸಂಸ್ಥೆಯ ಒಂದು ಸಾಕ್ಷರತಾ ಪ್ರಶಸ್ತಿಗೆ ಈ ರಾಜನ ಹೆಸರಿದೆ. ಮೂಲ ಅಕ್ಷರಗಳು 24 ಮಾತ್ರ. ನಮ್ಮ ಕಾಗುಣಿತದಂತೆ ವ್ಯಂಜನ, ಸ್ವರ ಸೇರಿಸಿ ಬರೆಯುತ್ತಾರೆ.

ವಾಕ್ಯ ರಚನೆ ನಮಗೆ ಇನ್ನೂ ಹತ್ತಿರ. ಶಾಲೆಗೆ "ಹಕ್ಕ್ಯೊ", ಹೋಗುವುದಕ್ಕೆ "ಕಾಯೊ" ಎನ್ನುತ್ತಾರೆ. "ಹಕ್ಕ್ಯೊಎ ಕಾಯೊ" ಎಂದರೆ ಶಾಲೆಗೆ ಹೋಗುತ್ತೇನೆ. ಕೊನೆಯ "ಎ" ನಮ್ಮ "ಗೆ" ಪ್ರತ್ಯಯದ ಕೆಲಸ ಮಾಡುತ್ತದೆ, ಉರ್ದುವಿನಲ್ಲಿ "ಕೋ" ಇದ್ದ ಹಾಗೆ. ಕ್ರಿಯಾಪದ ಕೊನೆಗೇ ಬರುತ್ತದೆ. ನೀನು, ನೀವು ಎಂಬ ಗೌರವದ ಭೇದ ಅವರಲ್ಲೂ ಇದ್ದು, ಅದು ಕ್ರಿಯಾಪದದಲ್ಲಿ ಕಾಣುತ್ತದೆ. ಇದರಿಂದ ಈ ಭಾಷೆಗಳು ಒಂದೇ ಕುಲದವು ಎಂದು ತೀರ್ಮಾನಿಸಬಾರದು. ಕಲಿಯುವವರಿಗೆ ದಾರಿ ಸುಲಭವಾಗುತ್ತದೆ, ಅಷ್ಟೆ.

ಪ್ರೌಢಶಾಲೆಯಲ್ಲಿ ಕಲಿಸುವ ಸಂಧಿಯೂ ಇಲ್ಲಿ ಉಪಯೋಗಕ್ಕೆ ಬಂತು. ಸಾರು ಎಂಬ ಅರ್ಥದ ಪದವನ್ನು "ಗುಕ್‌ಮುಲ್" ಎಂದು ಬರೆದು "ಗುಙ್ಮುಲ್" ಎಂದು ಉಚ್ಚರಿಸುತ್ತಾರೆ. ವಾಕ್ ಮತ್ತು ಮಯ ಸೇರಿ ವಾಙ್ಮಯ ಆಗುವುದಿಲ್ಲವೇ? ಅದೇ ರೀತಿ. ಇಲ್ಮ್, ಆಲಿಮ್, ತಾಲೀಮ್, ಮುಅಲ್ಲಿಮ್ ಒಂದೇ ಬೇರಿನ ಪದಗಳೆಂದು ಉರ್ದು ಓದಿದ ಮಕ್ಕಳಿಗೆ ಗೊತ್ತು. ಕೊರಿಯನ್‌ನಲ್ಲಿ "ಹಕ್" ಎಂದರೆ ವಿದ್ಯೆ. ಅದರಿಂದ ಹಕ್ಕ್ಯೊ ಶಾಲೆ, ಹಕ್‌ಸೆಂಗ್ ವಿದ್ಯಾರ್ಥಿ, ಹಕ್‌ಜಾ ವಿದ್ವಾಂಸ. ಪದಗಳನ್ನು ಹೀಗೆ ಕುಟುಂಬವಾಗಿ ಕಲಿತರೆ ನೆನಪಿನಲ್ಲಿ ಉಳಿಯುತ್ತವೆ.

ನಾನು ಒತ್ತಿ ಹೇಳಬೇಕಾದ ಮಾತು ಇದೇ. ನಮ್ಮ ಉರ್ದು ಮಾಧ್ಯಮದ ಮಕ್ಕಳು ಇಂಗ್ಲಿಷ್ ತೊಡಕಾದ ಕೂಡಲೇ "ನಮಗೆ ಭಾಷೆಗಳೇ ಬರುವುದಿಲ್ಲ" ಎಂದು ತಲೆ ತಗ್ಗಿಸುತ್ತಾರೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಅಕ್ಷರ ಕಲಿತ ಮಗು ಭಾಷೆಯಲ್ಲಿ ಬಡವನಲ್ಲ. ಅವನ ಕೈಯಲ್ಲಿರುವ ಬಂಡವಾಳವನ್ನು ಅವನಿಗೆ ತೋರಿಸಿಕೊಡುವವರು ಬೇಕು.

ವಯಸ್ಕರಿಗೆ ಕಷ್ಟವಿಲ್ಲ ಎಂದಲ್ಲ. ಎಲ್ಲಕ್ಕಿಂತ ಕಷ್ಟ ಕೇಳುವ ವಿಭಾಗ. ಧ್ವನಿಮುದ್ರಣ ನಮಗಾಗಿ ಕಾಯುವುದಿಲ್ಲ. ಗಂಟೆಗೆ ಒಂದು ಬಗೆಯ ಸಂಖ್ಯೆ, ನಿಮಿಷಕ್ಕೆ ಇನ್ನೊಂದು ಬಗೆಯ ಸಂಖ್ಯೆ ಬಳಸುತ್ತಾರೆ. ಒಂದನ್ನು ಯೋಚಿಸುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತದೆ. ಇದಕ್ಕೆ ಉಪಾಯ ನಿತ್ಯದ ಅಭ್ಯಾಸ. ಫಜ್ರ್ ನಮಾಝಿನ ನಂತರ ಅರ್ಧ ಗಂಟೆ ಗಟ್ಟಿಯಾಗಿ ಓದುವುದು, ಅಡುಗೆ ಮಾಡುವಾಗ ಪಾಠಗಳನ್ನು ಕೇಳುವುದು, ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬಿಡಿಸುವುದು, ಇಷ್ಟೇ ನಾನು ಮಾಡಿದ್ದು.

ಒಂದು ಎಚ್ಚರಿಕೆಯ ಮಾತು. ಈ ಫಲಿತಾಂಶದ ಮಾನ್ಯತೆ ಎರಡು ವರ್ಷ ಮಾತ್ರ. ಕೊರಿಯದಲ್ಲಿ ಉನ್ನತ ವ್ಯಾಸಂಗಕ್ಕೆ, ಅಲ್ಲಿನ ಸರ್ಕಾರದ ವಿದ್ಯಾರ್ಥಿವೇತನಕ್ಕೆ ಇದು ಅನುಕೂಲ. ಆದರೆ ಇದೊಂದರಿಂದಲೇ ವೀಸಾ ಅಥವಾ ನೌಕರಿ ಸಿಗುತ್ತದೆ ಎನ್ನುವವರ ಕೈಗೆ ಹಣ ಕೊಡಬೇಡಿ. ಕಾರ್ಮಿಕರಿಗಾಗಿ ನಡೆಸುವ ಇ.ಪಿ.ಎಸ್. ಟೋಪಿಕ್ ಬೇರೆಯೇ ಪರೀಕ್ಷೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರೌಢ ಹಂತದಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳಲ್ಲಿ ಕೊರಿಯನ್ ಅನ್ನೂ ಹೆಸರಿಸಿದೆ. ಮುಂದೆ ಶಿಕ್ಷಕರು ಬೇಕಾಗಬಹುದು. ಎಸ್.ಎಸ್.ಎಲ್.ಸಿ. ನಂತರ ಓದು ನಿಂತುಹೋದ ಹೆಣ್ಣುಮಕ್ಕಳು ನಮ್ಮ ಮೊಹಲ್ಲಾಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಮದುವೆಯಾಯಿತು, ಮಕ್ಕಳಾದವು, ಇನ್ನು ಪುಸ್ತಕ ಯಾಕೆ ಎಂದು ಅವರೇ ಹೇಳಿಕೊಳ್ಳುತ್ತಾರೆ. ಸಂಘದ ವಾಚನಾಲಯವನ್ನು ವಾರದಲ್ಲಿ ಎರಡು ಮಧ್ಯಾಹ್ನ ಅವರಿಗಾಗಿ ತೆರೆದಿಡಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಕೊರಿಯನ್ನೇ ಆಗಬೇಕೆಂದಿಲ್ಲ; ಕನ್ನಡ, ಇಂಗ್ಲಿಷ್, ಲೆಕ್ಕ ಯಾವುದಾದರೂ ಸರಿ. ತಾಯಿ ಪರೀಕ್ಷೆಗೆ ಓದುವುದನ್ನು ನೋಡಿದ ಮಗುವಿಗೆ ಓದು ಎಂದು ಬೇರೆ ಹೇಳಬೇಕಾಗುವುದಿಲ್ಲ.

ಅಲ್ಲಾಹನು ನಮ್ಮೆಲ್ಲರ ಜ್ಞಾನವನ್ನು ಹೆಚ್ಚಿಸಲಿ, ಅದನ್ನು ಇತರರಿಗೆ ಉಪಯುಕ್ತವಾಗಿಸಲಿ, ಆಮೀನ್.